ಗಿರಾಕಿ ವೇಷದಲ್ಲಿ ಆರು ತಿಂಗಳು: ಮಿಸ್ಟರಿ ಶಾಪಿಂಗ್ ಮಾಡಿಸುವ ಒಂದು ಕಂಪನಿಯ ಬಗ್ಗೆ

ಮೊದಲು ಲೆಕ್ಕ. ಜುಲೈಯಿಂದ ಡಿಸೆಂಬರ್‌ವರೆಗೆ 14 ಕೆಲಸ ಮಾಡಿದೆ. 12 ಪಾಸಾದವು, 2 ರಿಜೆಕ್ಟ್ ಆದವು. ಪಾಸಾದವುಗಳ ಒಟ್ಟು ಫೀ 2,290 ರೂಪಾಯಿ. ಅದರಲ್ಲಿ 1,790 ಖಾತೆಗೆ ಬಂದಿದೆ, 500 ಬಾಕಿ. ಓಡಾಟಕ್ಕೆ ನನ್ನ ಕೈಯಿಂದ ಹೋದದ್ದು ಹತ್ತಿರ ಹತ್ತಿರ 500. ಇಷ್ಟು ಓದಿದ ಮೇಲೂ ಆಸಕ್ತಿ ಉಳಿದಿದ್ದರೆ ಮುಂದೆ ಓದಿ.

ಕಂಪನಿಯ ಹೆಸರು ಬರೆಯುವುದಿಲ್ಲ. ಸೇರುವಾಗ ಸಹಿ ಮಾಡಿದ ಕಾಗದದಲ್ಲಿ ಗುಟ್ಟು ಬಿಡಬಾರದು ಅಂತ ಇದೆ. ಯಾವ ಅಂಗಡಿಗೆ ಹೋಗಿದ್ದೆ ಅನ್ನೋದನ್ನೂ ಹೇಳುವಂತಿಲ್ಲ. ಬೆಳಗಾವಿಯ ಯಾವ ರಸ್ತೆ ಅಂತ ಹೇಳಿದರೆ ತಪ್ಪಾಗಲಿಕ್ಕಿಲ್ಲ ಅಂದುಕೊಂಡಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಕಂಪನಿಗಳಿಗೆ ಊರೂರಲ್ಲಿ ಶೋರೂಮ್ ಇರುತ್ತವೆ. ಅಲ್ಲಿ ಗಿರಾಕಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಅವರಿಗೆ ತಿಳಿಯಬೇಕು. ತಮ್ಮದೇ ಸಾಹೇಬರನ್ನು ಕಳಿಸಿದರೆ ಎಲ್ಲರೂ ನೆಟ್ಟಗೆ ನಿಂತುಬಿಡುತ್ತಾರೆ. ಅದಕ್ಕೇ ನಡುವೆ ಇನ್ನೊಂದು ಕಂಪನಿಯನ್ನು ಇಟ್ಟುಕೊಂಡು ನಮ್ಮಂಥವರನ್ನು ಸಾದಾ ಗಿರಾಕಿಯ ಹಾಗೆ ಕಳಿಸುತ್ತಾರೆ. ನಾವು ಹೋಗಿ, ನೋಡಿ, ಬಂದು, ಫಾರ್ಮ್ ತುಂಬಬೇಕು. ಮಿಸ್ಟರಿ ಶಾಪಿಂಗ್ ಅನ್ನೋ ಈ ಹೆಸರನ್ನು 1940ರ ದಶಕದಲ್ಲಿ ಅಮೆರಿಕದ ವಿಲ್‌ಮಾರ್ಕ್ ಅನ್ನೋ ಸಂಸ್ಥೆ ಬಳಕೆಗೆ ತಂದಿತು ಅಂತಾರೆ. ಹೆಸರು ಆಗಿನದಾದರೂ ಕೆಲಸ ಹಳೆಯದೇ. ರಾಜ ಮಾರುವೇಷ ಹಾಕಿಕೊಂಡು ರಾತ್ರಿ ಊರು ಸುತ್ತುತ್ತಿದ್ದ ಕತೆ ನಮ್ಮಜ್ಜಿ ಹೇಳುತ್ತಿದ್ದಳು. ರಾಜನಿಗೆ ಇದಕ್ಕೆ ಫೀ ಸಿಗುತ್ತಿರಲಿಲ್ಲ. ನನಗೆ ಸಿಗುತ್ತದೆ, ಸರಾಸರಿ ಒಂದು ಸಲಕ್ಕೆ ಹತ್ತಿರ ಹತ್ತಿರ 200 ರೂಪಾಯಿ.

ಈ ಕಂಪನಿ ಸಿಗುವ ಮೊದಲು ಟೆಲಿಗ್ರಾಮ್‌ನಲ್ಲಿ ಬೇರೊಂದು ಗಾಳ ಬಂದಿತ್ತು. ಹೋಟೆಲ್‌ಗಳಿಗೆ ಐದು ಸ್ಟಾರ್ ಕೊಡಿ, ಒಂದಕ್ಕೆ 150 ರೂಪಾಯಿ, ಇದೂ ಮಿಸ್ಟರಿ ಶಾಪಿಂಗೇ ಅಂತ. ಎರಡು ದಿನ ನಿಜವಾಗಿಯೂ ದುಡ್ಡು ಹಾಕಿದರು. ಮೂರನೇ ದಿನ ‘ಪ್ರೀಪೇಯ್ಡ್ ಟಾಸ್ಕ್’ ಶುರುವಾಯಿತು. ನೀವೇ 2,000 ಹಾಕಿ, ಸಂಜೆಗೆ 2,800 ವಾಪಸ್. ನಾನು ಅಲ್ಲಿಗೇ ಬಿಟ್ಟೆ. ನಮ್ಮ ಓಣಿಯ ಹುಡುಗನೊಬ್ಬ ಬಿಡಲಿಲ್ಲ, 60 ಸಾವಿರ ಕಳೆದುಕೊಂಡ. ಅವನ ತಾಯಿ ನಾಲ್ಕು ದಿನ ಬಿಟ್ಟು 1930ಕ್ಕೆ ಫೋನ್ ಮಾಡಿಸಿದರು. ಆ ಸೈಬರ್ ಸಹಾಯವಾಣಿಗೆ ದುಡ್ಡು ಹೋದ ಗಂಟೆಯಲ್ಲೇ ಮಾಡಿದರೆ ಖಾತೆ ತಡೆಹಿಡಿಯುವ ಆಸೆ ಇರುತ್ತದೆ. ನಾಲ್ಕು ದಿನಕ್ಕೆ ಅದು ಎಷ್ಟು ಖಾತೆ ದಾಟಿರುತ್ತದೋ. ಸರಿಯಾದ ಮಿಸ್ಟರಿ ಶಾಪಿಂಗ್ ಕಂಪನಿ ಸೇರಲು ದುಡ್ಡು ಕೇಳುವುದಿಲ್ಲ, ಕೆಲಸ ಕೊಡಲೂ ಕೇಳುವುದಿಲ್ಲ. ಈ ಕಂಪನಿಗಳಿಗೆ ಎಂಎಸ್‌ಪಿಎ ಅಂತ ಒಂದು ಅಂತರರಾಷ್ಟ್ರೀಯ ಸಂಘವೂ ಇದೆ. ಸದಸ್ಯರ ಪಟ್ಟಿ ಅದರ ಜಾಲತಾಣದಲ್ಲಿ ಸಿಗುತ್ತದೆ. ನಾನು ಅಲ್ಲಿ ಹೆಸರು ನೋಡಿಯೇ ಸೇರಿದ್ದು.

ಸೇರುವಾಗ ತುಂಬಾ ಪ್ರಶ್ನೆ. ವಯಸ್ಸು, ವಿಳಾಸ, ಯಾವ ಗಾಡಿ, ಯಾವ ಫೋನು, ಕನ್ನಡಕ ಇದೆಯಾ. ಇದೆಲ್ಲ ಯಾಕಪ್ಪಾ ಅನಿಸಿತು. ಆಮೇಲೆ ತಿಳಿಯಿತು, ಸ್ಕೂಟರ್ ಇರದವಳನ್ನು ಪೆಟ್ರೋಲ್ ಬಂಕಿಗೆ ಕಳಿಸುವ ಹಾಗಿಲ್ಲವಲ್ಲ. ಪ್ಯಾನ್ ನಂಬರ್ ಕೇಳುತ್ತಾರೆ, ಅದಕ್ಕೆ ಹೆದರಬೇಕಿಲ್ಲ. ಪ್ಯಾನ್ ಕೊಡದಿದ್ದರೆ ಟಿಡಿಎಸ್ (ಫೀ ಕೊಡುವ ಮೊದಲೇ ಹಿಡಿಯುವ ತೆರಿಗೆ) ಮುರಿಯುವಾಗ 20 ಪರ್ಸೆಂಟ್ ಹೋಗುತ್ತದೆ. ಒಟಿಪಿ, ಎಟಿಎಂ ಕಾರ್ಡಿನ ನಂಬರ್ ಕೇಳಿದರೆ ಮಾತ್ರ ಅಲ್ಲಿಂದಲೇ ಕಾಲ್ಕೀಳಿ.

ಆಮೇಲೆ ಹತ್ತು ಪ್ರಶ್ನೆಯ ಪರೀಕ್ಷೆ. ಮೊದಲ ಸಲ ಫೇಲಾದೆ. ‘ಸಿಬ್ಬಂದಿ ಬೇಜಾರಿನಲ್ಲಿದ್ದರು’ ಅಂತ ಬರೆದಿದ್ದೆ. ಅದು ತಪ್ಪಂತೆ. ಬೇಜಾರು ನಿಮಗೆ ಹೇಗೆ ಕಾಣಿಸಿತು? ‘ಮಾತಾಡುವಾಗ ಮುಖ ನೋಡಲಿಲ್ಲ, ಎರಡು ಸಲ ಫೋನ್ ತೆಗೆದು ನೋಡಿದರು’ ಅಂತ ಬರೆಯಬೇಕು. ಕಂಡದ್ದು, ಕೇಳಿದ್ದು, ಅಷ್ಟೇ. ಇದು ನನಗೆ ಇಷ್ಟವಾಯಿತು. ಮನೆಯಲ್ಲೂ ಪ್ರಯೋಗ ಮಾಡಿದೆ. ಅತ್ತೆಯವರ ಬಗ್ಗೆ ನಮ್ಮನೆಯವರಿಗೆ ಹೇಳುವಾಗ ‘ಸಿಟ್ಟಾಗಿದ್ದಾರೆ’ ಅನ್ನೋದು ಬಿಟ್ಟು ‘ತಟ್ಟೆ ಸ್ವಲ್ಪ ಜೋರಾಗಿ ಇಟ್ಟರು’ ಅನ್ನತೊಡಗಿದೆ. ಜಗಳ ಕಡಿಮೆ ಏನಾಗಲಿಲ್ಲ.

ಮೊದಲ ಕೆಲಸ ಕಾಲೇಜ್ ರೋಡಿನ ಒಂದು ಮೊಬೈಲ್ ಶೋರೂಮು. ಫೀ 250. ಓದಲು ಕೊಟ್ಟ ಸೂಚನೆ ಒಂಬತ್ತು ಪುಟ. 15 ಸಾವಿರದೊಳಗಿನ ಫೋನ್ ಕೇಳಬೇಕು. ಅವರಾಗಿಯೇ ಹೆಚ್ಚಿನ ಬೆಲೆಯದ್ದು ತೋರಿಸುತ್ತಾರಾ, ಇಎಂಐ ಮಾತು ತೆಗೆಯುತ್ತಾರಾ ನೋಡಬೇಕು. ಕನಿಷ್ಠ 12 ನಿಮಿಷ ಒಳಗಿರಬೇಕು. ಒಳಗೆ ಕಾಲಿಟ್ಟ ಗಂಟೆ, ಮೊದಲು ಮಾತಾಡಿಸಿದ ಗಂಟೆ, ಕೌಂಟರಿನಲ್ಲಿ ಎಷ್ಟು ಜನ, ನೆಲ ಒರೆಸಿತ್ತಾ, ಬಿಲ್ ಮಾಡುವಾಗ ಫೋನ್ ನಂಬರ್ ಕೊಡಲೇಬೇಕು ಅಂತ ಹಟ ಹಿಡಿದರಾ. ಒಟ್ಟು 46 ಪ್ರಶ್ನೆ. ಒಂದನ್ನೂ ಅಲ್ಲಿ ನಿಂತು ಬರೆದುಕೊಳ್ಳುವಂತಿಲ್ಲ.

ಕದಿಯಲು ಬಂದವಳ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಯಾವ ಫೋನ್ ತೋರಿಸಿದರೋ ನೆನಪೇ ಇಲ್ಲ, ಗಡಿಯಾರ ಮಾತ್ರ ನೆನಪಿದೆ. ಹೊರಗೆ ಬಂದು ನಮ್ಮನೆಯವರಿಗೆ ವಾಟ್ಸಾಪ್ ಮಾಡಿದೆ: ‘4.10 ಒಳಗೆ, 2 ನಿಮಿಷ ಯಾರೂ ಇಲ್ಲ, ನೀಲಿ ಅಂಗಿ, ಕನ್ನಡಕ, ನಕ್ಕ.’ ಅವರು ಉದ್ಯಮಬಾಗದ ಫೌಂಡ್ರಿಯಲ್ಲಿ ಶಿಫ್ಟ್ ನಡುವೆ ಇದನ್ನು ಓದಿ ಉತ್ತರ ಬರೆದರು: ‘ನೀಲಿ ಅಂಗಿ ಯಾರಂವಾ?’ ರಾತ್ರಿ ಮನೆಗೆ ಬಂದು, “ಸಿಐಡಿ ಕೆಲಸ ಹಿಡದಿ ಏನ್ ಮತ್ತ?” ಅಂದರು. ಈಗ ನನಗೇ ನಾನು ವಾಯ್ಸ್ ಮೆಸೇಜ್ ಕಳಿಸಿಕೊಳ್ಳುತ್ತೇನೆ. ಅಂಗಡಿಯಿಂದ ಹತ್ತು ಹೆಜ್ಜೆ ದಾಟಿ, ಫೋನ್ ಕಿವಿಗಿಟ್ಟುಕೊಂಡು, ತಂಗಿ ಜೊತೆ ಮಾತಾಡುವವಳ ಹಾಗೆ. ಹೊಸಬರಿಗೆ ಇದೊಂದು ಉಪಾಯ ಖಂಡಿತ ಹೇಳುತ್ತೇನೆ. ಒಂದು ಗಂಟೆ ತಡ ಮಾಡಿದರೂ ಅಂಗಿಯ ಬಣ್ಣ ಬದಲಾಗಿರುತ್ತದೆ.

ಇನ್ನು ಫಾರ್ಮಿನ ವಿಷಯ. ಈ ಕಂಪನಿಯ ದೊಡ್ಡ ದೋಷ ಇದೇ. ಫಾರ್ಮ್ ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಮಾತ್ರ. ‘ಸಿಬ್ಬಂದಿ ಯಾವ ಭಾಷೆಯಲ್ಲಿ ಮಾತಾಡಿದರು?’ ಅನ್ನೋ ಪ್ರಶ್ನೆಗೆ ಮೂರು ಉತ್ತರ: ಹಿಂದಿ, ಇಂಗ್ಲಿಷ್, ಇತರೆ. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದ ಪುಣ್ಯಾತ್ಮರು ಇವರೊಬ್ಬರೇ ಇರಬೇಕು.

‘ನಿಗದಿತ ಮಾತಿನಲ್ಲಿ ಸ್ವಾಗತಿಸಿದರಾ?’ ಅಂತ ಇನ್ನೊಂದು. ನಿಗದಿತ ಮಾತು ಅಂದರೆ ನಮಸ್ಕಾರ, ನಮ್ಮ ಇಂಥ ಶೋರೂಮಿಗೆ ಸ್ವಾಗತ. ಇಲ್ಲಿ ಯಾರು ಹಾಗೆ ಮಾತಾಡುತ್ತಾರೆ? “ಬರ್ರಿ ಅಕ್ಕಾರ, ಕುಂದರ್ರಿ, ನೀರ್ ಕೊಡ್ಲೇನ್ರಿ?” ಅಂದಿದ್ದ ಆ ಮೊಬೈಲ್ ಶೋರೂಮಿನ ಹುಡುಗ. ಮಳೆಯಲ್ಲಿ ನೆನೆದು ಬಂದವಳಿಗೆ ಇದಕ್ಕಿಂತ ದೊಡ್ಡ ಸ್ವಾಗತ ಬೇಕಾ? ‘ಹೌದು’ ಅಂತ ಒತ್ತಿದೆ. ಎರಡು ದಿನ ಬಿಟ್ಟು ಕಂಪನಿಯಲ್ಲಿ ನಮ್ಮ ಫಾರ್ಮ್ ಪರಿಶೀಲಿಸುವ ಕ್ವಾಲಿಟಿ ಚೆಕ್‌ನಿಂದ ಫೋನ್ ಬಂತು. ಹಿಂದಿ ಮಾತಾಡುವ ಹುಡುಗ. ಅವರು ಏನಂದರು, ಅಕ್ಷರಕ್ಕೆ ಅಕ್ಷರ ಹೇಳಿ ಅಂದ. ಹೇಳಿದೆ. ಅರ್ಥ ಕೇಳಿದ, ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇದು ನಿಗದಿತ ಮಾತಲ್ಲ ಮೇಡಂ, ‘ಇಲ್ಲ’ ಅಂತ ತಿದ್ದುತ್ತೇನೆ ಅಂದ. ತಿದ್ದಿದ.

ನನಗೆ ಇದು ಯಾಕೆ ಚುಚ್ಚುತ್ತದೆ ಅಂದರೆ, ಮದುವೆಗೆ ಮೊದಲು ನಾಲ್ಕು ವರ್ಷ ನಾನು ಖಡೇಬಜಾರಿನ ಸೀರೆ ಅಂಗಡಿಯಲ್ಲಿ ಕೆಲಸ ಮಾಡಿದವಳು. ನಮ್ಮ ಮಾಲೀಕರು ದಿನಾ ಹೇಳುತ್ತಿದ್ದರು, “ಗಿರಾಕಿ ಮೆಟ್ಟಿಲ ಹತ್ತೂದ್ರಾಗ ಬರ್ರಿ ಅನಬೇಕು.” ಅದಕ್ಕೆ ನಮಗೆ ಫಾರ್ಮ್ ಇರಲಿಲ್ಲ. ನಲವತ್ತು ಇಳಕಲ್ ಸೀರೆ ಬಿಚ್ಚಿಸಿ, ಸೆರಗು ತೋರಿಸಿ, ದಡಿ ತೋರಿಸಿ ಅಂದು, ಕೊನೆಗೆ “ಬರ್ತೀವ್ರಿ” ಅಂತ ಎದ್ದು ಹೋಗುವವರನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೋ. ಮತ್ತೆ ಆ ನಲವತ್ತನ್ನೂ ಮಡಚಿ ಇಡಬೇಕಲ್ಲ. ಈಗ ನಾನೇ ಅವರು.

ಟಿಳಕವಾಡಿಯ ಒಡವೆ ಅಂಗಡಿಯಲ್ಲಿ ಅದು ಸರಿಯಾಗಿ ನಾಟಿತು. ಎರಡು ಒಡವೆ ಅಂಗಡಿ ಮಾಡಿದೆ, ಒಂದೊಂದಕ್ಕೂ 500, ನನಗೆ ಸಿಕ್ಕ ಅತಿ ದೊಡ್ಡ ಫೀ. ಹತ್ತು ಗ್ರಾಮಿನೊಳಗೆ ಝುಮಕಿ ಕೇಳಬೇಕು, ಕೊಳ್ಳಬಾರದು. ಇಪ್ಪತ್ತು ಇಪ್ಪತ್ತೆರಡರ ಹುಡುಗಿ, ಹನ್ನೊಂದು ಜೊತೆ ತೆಗೆದು ಟ್ರೇ ಮೇಲೆ ಇಟ್ಟಳು. “ಲೈಟ್ ವೇಟ್ ಅದಾವ್ರಿ ಅಕ್ಕಾರ, ಹಾಕ್ಕೊಂಡ್ ನೋಡ್ರಿ” ಅಂತ ಕನ್ನಡಿ ಹಿಡಿದಳು. ಸಂಜೆ ಏಳು ಗಂಟೆ, ಪಕ್ಕದಲ್ಲಿ ನಿಜವಾದ ಗಿರಾಕಿಗಳು ಕಾಯುತ್ತಿದ್ದರು. ನಾನು ಎದ್ದು ಹೋದರೆ ಅವಳ ಆ 25 ನಿಮಿಷ ಹೋಯಿತು. ಎರಡನೇ ಸಲ ಮಧ್ಯಾಹ್ನ ಮೂರಕ್ಕೆ ಹೋದೆ, ಅಂಗಡಿ ಖಾಲಿ ಇರುವ ಹೊತ್ತು. ಸೂಚನೆಯಲ್ಲಿ ಹೊತ್ತು ಆರಿಸಿಕೊಳ್ಳಲು ಬಿಟ್ಟಿದ್ದರೆ ಹೀಗೆ ಮಾಡಿ. ಹಬ್ಬದ ಮುಂದೆ ಹೋಗಬೇಡಿ.

ಇಷ್ಟಾದರೂ ಈ ಕೆಲಸದಿಂದ ಲಾಭವಾದದ್ದು ಒಡವೆ ಅಂಗಡಿಯಲ್ಲೇ. ಫಾರ್ಮಿನಲ್ಲಿ ‘ಎಚ್‌ಯುಐಡಿ ಬಗ್ಗೆ ತಾವಾಗಿಯೇ ಹೇಳಿದರಾ?’ ಅಂತ ಇತ್ತು. ಅದೇನು ಅಂತ ನನಗೇ ಗೊತ್ತಿರಲಿಲ್ಲ. ಹಾಲ್‌ಮಾರ್ಕ್ ಆದ ಪ್ರತಿ ಒಡವೆಗೂ ಆರು ಅಕ್ಷರ-ಅಂಕಿಗಳ ಬೇರೆ ಬೇರೆ ಗುರುತು ಇರುತ್ತದೆ. 1 ಏಪ್ರಿಲ್ 2023ರಿಂದ ಅದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಐಎಸ್. ಅದರ ಬಿಐಎಸ್ ಕೇರ್ ಅನ್ನೋ ಆ್ಯಪಿನಲ್ಲಿ ಆ ಆರನ್ನು ಒತ್ತಿದರೆ ಯಾರು ಹಾಲ್‌ಮಾರ್ಕ್ ಮಾಡಿಸಿದ್ದು, ಎಷ್ಟು ಶುದ್ಧ ಅಂತ ಬರುತ್ತದೆ. ಬಿಐಎಸ್ ಗುರುತು, 22ಕೆ916 ಅನ್ನೋ ಶುದ್ಧತೆ, ಈ ಆರು. ಮೂರೂ ಸಣ್ಣಗೆ ಕೊರೆದಿರುತ್ತವೆ, ಬರಿಗಣ್ಣಿಗೆ ಕಾಣುವುದಿಲ್ಲ. ಭೂತಗನ್ನಡಿ ಕೇಳಿದರೆ ಅಂಗಡಿಯವರು ಕೊಡಬೇಕು. ಆ ಹುಡುಗಿ ಕೇಳುವ ಮೊದಲೇ ಕೊಟ್ಟಳು. ಅವಳ ಫಾರ್ಮಿನಲ್ಲಿ ಒಂದೂ ‘ಇಲ್ಲ’ ಬೀಳಲಿಲ್ಲ. ಅಕ್ಕನ ಮಗಳ ಮದುವೆಗೆ ಬೆಂಡೋಲೆ ತರುವಾಗ ಅದೇ ಅಂಗಡಿಗೆ ಹೋಗಿ ಅವಳ ಕೈಯಲ್ಲೇ ಕೊಂಡೆ. ಅವಳಿಗೆ ನನ್ನ ಗುರುತು ಸಿಗಲಿಲ್ಲ, ಸಿಕ್ಕರೂ ಹೇಳಲಿಲ್ಲ.

ಪೆಟ್ರೋಲ್ ಬಂಕಿನ ಕೆಲಸ ಹೊಸಬರಿಗೆ ಸುಲಭ ಅಂತ ಹೇಳಿ ಕೊಡುತ್ತಾರೆ. ಫೀ 200, ಪೆಟ್ರೋಲಿನ ನೂರು ಬೇರೆ. ಮೀಟರ್ ಸೊನ್ನೆ ತೋರಿಸಿ ‘ನೋಡಿ’ ಅಂದರಾ, ಗಾಳಿ ಪುಕ್ಕಟೆ ಹಾಕಿದರಾ, ಕುಡಿಯುವ ನೀರು, ಶೌಚಾಲಯ ಹೇಗಿದೆ. ಹೆಂಗಸರ ಶೌಚಾಲಯದ ಬೀಗದ ಕೈ ಕೇಳಿದಾಗ ಅವರ ಮುಖದಲ್ಲಿ ಆಗುವ ಬದಲಾವಣೆ ಬರೆಯಲು ಫಾರ್ಮಿನಲ್ಲಿ ಜಾಗವಿಲ್ಲ. ಅಳತೆಯ ಮೇಲೆ ಅನುಮಾನ ಬಂದರೆ ಯಾವ ಗಿರಾಕಿಯಾದರೂ ಬಂಕಿನಲ್ಲಿರುವ 5 ಲೀಟರಿನ ಮಾಪು ತರಿಸಿ ಅಳೆಸಬಹುದು, 25 ಮಿಲಿ ಹೆಚ್ಚುಕಡಿಮೆಗೆ ಮಾತ್ರ ಮಾಫಿ. ಇದು ಕೂಡ ಸೂಚನೆ ಓದುವಾಗಲೇ ಗೊತ್ತಾದದ್ದು.

ಜುಲೈ ಕೊನೆಯ ವಾರ. ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ, ನಿಲ್ಲುವುದಿಲ್ಲ, ಜೋರಾಗಿಯೂ ಸುರಿಯುವುದಿಲ್ಲ, ಸುಮ್ನೆ ಹಿಡಿದುಕೊಂಡಿರುತ್ತದೆ. ಖಾನಾಪುರ ರೋಡಿನ ಬಂಕ್. ಹುಡುಗ ಮೇಲಿಂದ ಕೆಳಗೆ ರೇನ್‌ಕೋಟ್ ಹಾಕಿದ್ದ. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಚಿಲ್ಲರೆ. ಮೀಟರಿನ ಕಡೆ ಗದ್ದ ಎತ್ತಿ ತೋರಿಸಿದ, ನಾನು ನೋಡಿದೆ, ಸೊನ್ನೆ ಇತ್ತು, ಹಾಕಿದ. ಸರಿಯಾಗಿ ಹಾಕಿದ. ನನ್ನ ಸ್ಕೂಟರಿನ ಸೀಟಿನ ಮೇಲಿನ ನೀರನ್ನೂ ತೋಳಿನಿಂದ ಒರೆಸಿದ.

ಫಾರ್ಮ್: ‘ಮೀಟರ್ ನೋಡಲು ಬಾಯಿಬಿಟ್ಟು ಹೇಳಿದರಾ?’ ಹೌದು, ಇಲ್ಲ. ‘ಹೆಸರಿನ ಬಿಲ್ಲೆ ಕಾಣುತ್ತಿತ್ತಾ?’ ಹೌದು, ಇಲ್ಲ. ಬಿಲ್ಲೆ ರೇನ್‌ಕೋಟಿನ ಒಳಗೆ. ಎರಡಕ್ಕೂ ‘ಇಲ್ಲ’ ಒತ್ತಿದೆ. ಸುಳ್ಳು ಒತ್ತಲು ಮನಸ್ಸು ಬರಲಿಲ್ಲ, ಕಂಡದ್ದನ್ನೇ ಬರೆಯುತ್ತೇನೆ ಅಂತ ಪರೀಕ್ಷೆ ಪಾಸಾಗಿದ್ದೆನಲ್ಲ. ಕೆಳಗೆ ಟಿಪ್ಪಣಿಯಲ್ಲಿ ಮಳೆ, ರೇನ್‌ಕೋಟ್, ಗದ್ದ, ಸೀಟು ಎಲ್ಲ ಬರೆದೆ. ಕ್ವಾಲಿಟಿ ಚೆಕ್‌ನ ಅದೇ ಹುಡುಗ ಫೋನ್ ಮಾಡಿ, ಟಿಪ್ಪಣಿಗೆ ಮಾರ್ಕ್ಸ್ ಇಲ್ಲ ಮೇಡಂ, ಬಂಕಿನವರಿಗೆ ಹೋಗುವುದು ಅಂಕೆ ಮಾತ್ರ ಅಂದ. ಹಾಗಾದರೆ ಟಿಪ್ಪಣಿಗೆ 300 ಅಕ್ಷರ ಕಡ್ಡಾಯ ಅಂತ ಯಾಕೆ ಇಟ್ಟಿದ್ದೀರಿ? ಉತ್ತರ ಇರಲಿಲ್ಲ.

ಮುಂದಿನ ತಿಂಗಳು ಸ್ವಂತಕ್ಕೆ ಪೆಟ್ರೋಲ್ ಹಾಕಿಸಲು ಅಲ್ಲಿಗೇ ಹೋದೆ. ಅವನು ಪೈಪಿನ ಹತ್ತಿರ ಇರಲಿಲ್ಲ, ಗಾಳಿ ಹಾಕುವ ಕಡೆ ಕೂತಿದ್ದ. ನನ್ನಿಂದಲೇ ಹಾಗಾಯಿತಾ, ಪಾಳಿ ಬದಲಾಗಿತ್ತಾ, ಗೊತ್ತಿಲ್ಲ. ಕೇಳುವಂತೆಯೂ ಇಲ್ಲ. ಟೈರಿನಲ್ಲಿ ಗಾಳಿ ಸರಿಯಾಗಿತ್ತು, ಆದರೂ ಹಾಕಿಸಿಕೊಂಡು ಬಂದೆ. ಮೀಟರ್ ತೋರಿಸಿ, “ನೋಡ್ರಿ, ಮೂವತ್ತೈತಿ” ಅಂದ. ಈ ಸಲ ಬಾಯಿಬಿಟ್ಟು ಹೇಳಿದ.

ರಿಜೆಕ್ಟ್ ಆದ ಎರಡರ ಕತೆ ಚಿಕ್ಕದು. ಬೈಕ್ ಶೋರೂಮಿನಲ್ಲಿ ವಿಸಿಟಿಂಗ್ ಕಾರ್ಡ್ ಮುಗಿದಿತ್ತು, ಸೇಲ್ಸ್‌ಮನ್ ಕೊಟೇಶನ್ ಹಾಳೆಯ ಹಿಂದೆ ನಂಬರ್ ಬರೆದುಕೊಟ್ಟ. ಕಾರ್ಡಿನ ಫೋಟೋ ಇಲ್ಲ ಅಂತ 350 ರೂಪಾಯಿಯ ಕೆಲಸ ಹೋಯಿತು. ಬರ್ಗರ್ ಅಂಗಡಿಯಲ್ಲಿ ತಪ್ಪು ನನ್ನದೇ. 280 ರೂಪಾಯಿಯದು ತಿಂದು, ಬಿಲ್ ಪರ್ಸಿನಲ್ಲಿಟ್ಟು, ಮರುದಿನ ಫೋಟೋ ತೆಗೆದೆ. ಆ ತೆಳು ಕಾಗದದ ಮೇಲೆ ಬಿಲ್ ನಂಬರಿನ ಜಾಗ ಒದ್ದೆಯಾಗಿ ಅಳಿಸಿಹೋಗಿತ್ತು. ಫೀ 100 ಹೋಯಿತು, ತಿಂದ 280ನ್ನೂ ಕೊಡಲಿಲ್ಲ. ಬಿಲ್ ಕೈಗೆ ಬಂದ ಕೂಡಲೇ ಟೇಬಲ್ ಮೇಲಿಟ್ಟು ಫೋಟೋ ತೆಗೆಯಿರಿ, ಊಟದ ಫೋಟೋ ತೆಗೆಯುವವರ ನಡುವೆ ಯಾರಿಗೂ ಗೊತ್ತಾಗುವುದಿಲ್ಲ. ಅಂದಹಾಗೆ ತಿನ್ನುವ ಕೆಲಸ ಬಂದರೆ ಮಕ್ಕಳು ಕುಣಿಯುತ್ತಾರೆ. ಆದರೆ ಒಬ್ಬರ ಊಟಕ್ಕೆ ಮಾತ್ರ ದುಡ್ಡು. ಮಕ್ಕಳನ್ನು ಕರೆದುಕೊಂಡು ಹೋದ ದಿನ ನಮಗೆ ಜೇಬಿನಿಂದ 410 ಹೋಯಿತು. ಮೇಲೆ ಹೇಳಿದ ಲೆಕ್ಕದಲ್ಲಿ ಈ 280, 410 ಸೇರಿಲ್ಲ. ಸೇರಿಸಿದರೆ ನಮ್ಮನೆಯವರು ಓದುತ್ತಾರೆ.

ಫೋನ್ ಮಾಡಿ ವಿಚಾರಿಸುವ ಕೆಲಸಗಳೂ ಇವೆ, ಒಂದಕ್ಕೆ 60 ರೂಪಾಯಿ. ನಾಲ್ಕು ಮಾಡಿದೆ. ಮನೆಯಿಂದಲೇ ಆಗುತ್ತದೆ, ಬೇಜಾರು.

ದುಡ್ಡು ಬರುವುದು 45 ದಿನಕ್ಕೆ ಅಂತ ಕಾಗದದಲ್ಲಿದೆ. ಮೊದಲ ಕೆಲಸದ 250 ಬಂದದ್ದು 71ನೇ ದಿನ. ಮೂರು ಮೇಲ್ ಹಾಕಿದೆ, ಮೂರಕ್ಕೂ ಒಂದೇ ಉತ್ತರ, ‘ನಿಮ್ಮ ತಾಳ್ಮೆಗೆ ಧನ್ಯವಾದ’. ನನ್ನ ತಾಳ್ಮೆಯನ್ನು ಯಾರು ಅಳೆದರೋ. ಆಮೇಲೆ ಬಂದವು 50, 55 ದಿನಕ್ಕೆ ಬಂದಿವೆ. ಬಂದದ್ದು ಪೂರ್ತಿ ಬಂದಿದೆ, ಒಂದು ರೂಪಾಯಿಯೂ ಕಡಿತ ಇಲ್ಲ, ಅದನ್ನೂ ಹೇಳಬೇಕು. ಒಂದು ಸಣ್ಣ ಪುಸ್ತಕದಲ್ಲಿ ಕೆಲಸದ ತಾರೀಕು, ಫೀ, ಬರಬೇಕಾದ ದಿನ ಬರೆದಿಟ್ಟುಕೊಳ್ಳಿ. ಆ್ಯಪಿನಲ್ಲಿ ಹಳೆಯದು ಮೂರು ತಿಂಗಳಿಗೆ ಮಾಯವಾಗುತ್ತದೆ.

ಬೆಳಗಾವಿಯಲ್ಲಿ ಕೆಲಸ ತಿಂಗಳಿಗೆ ಎರಡೋ ಮೂರೋ. ನನಗೆ ಇದನ್ನು ಹೇಳಿಕೊಟ್ಟ ಹುಬ್ಬಳ್ಳಿಯ ಗೆಳತಿಗೆ ಆರೇಳು ಬರುತ್ತವೆ. ಇದನ್ನೇ ನಂಬಿ ಕೈಯಲ್ಲಿರುವ ಕೆಲಸ ಬಿಡುವವರು ಇದ್ದರೆ ಬೇಡ. ಸ್ಕೂಟರ್ ಇದ್ದು, ಹೇಗೂ ಪೇಟೆಗೆ ಹೋಗುವವರು, ಓದಿ ಬರೆಯಲು ಬೇಸರಪಡದವರು ಮಾಡಬಹುದು. ಮೊದಲು ಒಂದು ಫೋನ್ ಕೆಲಸ, ಆಮೇಲೆ ಒಂದು ಬಂಕ್. ಮಳೆಗಾಲ ಬಿಟ್ಟು. ಖಡೇಬಜಾರಿನ ಸೀರೆ ಶೋರೂಮ್ ಒಂದರ ಕೆಲಸವೂ ನವೆಂಬರಿನಲ್ಲಿ ಬಂದಿತ್ತು, 400 ಫೀ. ಆ ಸಾಲಿನಲ್ಲಿ ಅರ್ಧ ಜನ ನನ್ನನ್ನು ಈಗಲೂ ಹೆಸರು ಹಿಡಿದು ಕರೆಯುತ್ತಾರೆ. ಬೇಡ ಅಂತ ಒತ್ತಿದೆ.

ಐದಕ್ಕೆ ಎರಡೂವರೆ ಕೊಡುತ್ತೇನೆ. ಮೋಸ ಇಲ್ಲ, ಅದಕ್ಕೆ ಎರಡು. ಅರ್ಧ ಆ ಕ್ವಾಲಿಟಿ ಚೆಕ್ ಹುಡುಗನಿಗೆ. ಡಿಸೆಂಬರಿನಲ್ಲಿ ಎರಡನೇ ಒಡವೆ ಅಂಗಡಿಯ ಫಾರ್ಮ್ ತೆಗೆದರೆ ಭಾಷೆಯ ಪ್ರಶ್ನೆಯಲ್ಲಿ ‘ಇತರೆ’ ಪಕ್ಕ ಖಾಲಿ ಗೆರೆಯೊಂದು ಬಂದಿತ್ತು, ಯಾವುದು ಅಂತ ಬರೆಯಲು. ಸಂಜೆ ಫೋನ್ ಮಾಡಿದವನು ‘ಬರ್ರಿ ಅಕ್ಕಾರ’ ಅಂತಲೇ ಶುರು ಮಾಡಿದ. ಫೋನಿನಲ್ಲಿ ಹಾಗೆ ಅನ್ನಲ್ಲ ಅಂತ ಹೇಳಬೇಕಿತ್ತು, ಹೇಳಲಿಲ್ಲ. ಆ ಕೆಲಸದ 500 ಇನ್ನೂ ಬಂದಿಲ್ಲ. ಇವತ್ತಿಗೆ 52 ದಿನ. ಬಂದರೆ ಇಲ್ಲೇ ಬರೆಯುತ್ತೇನೆ.